ಪಾಸಾದ ಪುಡಿ

“ಸರ್, ಟೆಸ್ಟುಗಳು ಇಪ್ಪತ್ತಿವೆ. ನನ್ನ ಹತ್ರ ಇರೋ ಪುಡಿ ನಾಲ್ಕಕ್ಕೆ ಸಾಕಾದ್ರೆ ಹೆಚ್ಚು. ಯಾವ ನಾಲ್ಕು ಮಾಡಿಸ್ಲಿ?”

ಕೇಳಿದ್ದು ಸಿಂಚನಾ. ಔಷಧಿ ಕಂಪನಿ ಲ್ಯಾಬಲ್ಲಿ ಹೊಸ ಔಷಧಿ ಹುಡುಕೋ ಕೆಲಸ ಅವಳದು. ಕೇಳಿದ್ದು ದೊರೆಸ್ವಾಮಿ ಮೇಷ್ಟ್ರನ್ನ. ಅವಳಿಗೆ ಕೆಮಿಸ್ಟ್ರಿ ಕಲಿಸಿದೋರು ಅವರೇ. ಈಗ ರಿಟೈರಾಗಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಾರೆ. ಎಷ್ಟು ಓದಿದ್ರೇನು, ಹೆಂಡತಿ ಮೊರ ತಂದು ಮುಂದೆ ಇಟ್ಟ ಮೇಲೆ ಸುಲೀಲೇಬೇಕು.

ಮೇಷ್ಟ್ರು ತಲೆ ಎತ್ತಲಿಲ್ಲ. ಸಿಂಚನಾ ನಿಲ್ಲಿಸಲಿಲ್ಲ.

“ನೀರಲ್ಲಿ ಕರಗುತ್ತಾ ನೋಡೋದು ಒಂದಿದೆ ಸರ್. ಲಿವರು ಎಷ್ಟು ಬೇಗ ಒಡೆದು ಹಾಕುತ್ತೆ ಅನ್ನೋದು ಒಂದು. ಹೃದಯದ ಬಡಿತಕ್ಕೆ ತೊಂದ್ರೆ ಕೊಡುತ್ತಾ, ಕರುಳಿನ ಗೋಡೆ ದಾಟುತ್ತಾ, ರಕ್ತದಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ... ತಪ್ಪಾಗಿ ಆರಿಸಿದ್ರೆ ಪುಡಿ ಖಾಲಿ. ಮತ್ತೆ ಮಾಡೋ ಅಷ್ಟೊತ್ತಿಗೆ ನನ್ನ ಪ್ರಾಜೆಕ್ಟ್ ಮುಚ್ಚಿ ಬೇರೆಯವರಿಗೆ ಟೇಬಲ್ ಕೊಟ್ಟಿರ್ತಾರೆ. ನಮ್ಮ ಮೇಲಿನ ಮಹಡಿಯವರ ಔಷಧಿ ಹೋದ ವರ್ಷ ಪಾಸಾಯ್ತಲ್ಲ, ಅವರು ಮಾಡಿಸಿದ್ದನ್ನೇ ನಾನೂ ಮಾಡಿಸ್ಬಿಡಲಾ?”

“ಬಾ ಕೂತ್ಕೋ. ಕೈ ಖಾಲಿ ಇಟ್ಕೊಂಡು ಕೂರಬೇಡ, ನೀನೂ ನಾಲ್ಕು ಸುಲಿ,” ಅಂದ್ರು ಮೇಷ್ಟ್ರು. ಆಮೇಲೆ ಈ ಕತೆ ಹೇಳಿದ್ರು.

ಒಂದೂರಲ್ಲಿ ಒಬ್ಬ ಔಷಧಿ ಹುಡುಕೋನಿದ್ದ. ಅವನ ತಂಗಿ ಮಗಳಿಗೆ ಫಿಟ್ಸು. ಅಂಗಡೀಲಿ ಸಿಗೋ ಮಾತ್ರೆ ಯಾವುದೂ ಆ ಹುಡುಗಿಗೆ ಹಿಡೀಲಿಲ್ಲ. ವಯಸ್ಸಿಗೆ ಬಂದ ಹುಡುಗಿ. ಬಚ್ಚಲಲ್ಲಿ ಬಿದ್ದಾಳು ಅಂತ ಅವಳಮ್ಮ ಬಾಗಿಲಿಗೆ ಚಿಲಕ ಇಡಿಸಿರಲಿಲ್ಲ. ಹುಡುಗಿ ಒಳಗೆ ಸ್ನಾನ ಮಾಡಬೇಕು, ಅಮ್ಮ ಹೊರಗೆ ನಿಂತು “ಇದೀಯೇನೇ?” ಅಂತ ಕೂಗ್ತಿರಬೇಕು. ಉತ್ತರ ಬರೋದು ಸ್ವಲ್ಪ ತಡವಾದ್ರೆ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗೋಳು. ಆ ಹುಡುಗಿಗೆ ಬೇಕಿದ್ದದ್ದು ಒಡವೆ ಅಲ್ಲ, ಸೀರೆ ಅಲ್ಲ. ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಒಂದು ಸ್ನಾನ.

“ಮಾವ, ನಿಮ್ಮ ಔಷಧಿ ಬಂದ್ರೆ ಚಿಲಕ ಹಾಕಿಸ್ತೀರಾ?” ಅಂತ ಕೇಳಿದ್ಲು.

“ನಾನೇ ತಂದು ಹಾಕ್ತೀನಿ ಕಣಮ್ಮ,” ಅಂದ.

ಅವನು ಕಷ್ಟಪಟ್ಟ, ಅದರಲ್ಲಿ ಎರಡು ಮಾತಿಲ್ಲ. ವರ್ಷಗಟ್ಟಲೆ ಕೂತು ಒಂದಷ್ಟು ಪುಡಿ ಮಾಡಿದ. ತಟ್ಟೇಲಿ ನರದ ಜೀವಕೋಶ ಬೆಳೆಸಿ ಹಾಕಿ ನೋಡಿದ. ಎಲ್ಲಾ ಪುಡಿನೂ ನರಗಳ ಕುಣಿತ ನಿಲ್ಲಿಸ್ತು. ಆದ್ರೆ ತಟ್ಟೇಲಿ ನಿಲ್ಲಿಸಿದ್ದು ಮೈಯೊಳಗೂ ನಿಲ್ಲಿಸಬೇಕಲ್ಲ? ಅದಕ್ಕೆ ಬೇರೆ ಟೆಸ್ಟು. ಒಂದೊಂದು ಶೀಶೆಯಲ್ಲಿ ಇದ್ದದ್ದು ಕಣ್ಣಿಗೆ ಹಚ್ಚೋ ಕಾಡಿಗೆಯಷ್ಟು ಪುಡಿ. ಬೇಕಾದ ಹಾಗೆ ಚೆಲ್ಲಾಡೋ ಹಾಗಿರಲಿಲ್ಲ.

ಅದೇ ಊರಲ್ಲಿ ಇನ್ನೊಬ್ಬ ಇದ್ದ, ಮಕ್ಕಳ ಹೊಟ್ಟೆಯ ಜಂತುಹುಳಕ್ಕೆ ಔಷಧಿ ಕಂಡುಹಿಡಿದೋನು. ಊರೆಲ್ಲಾ ಅವನದೇ ಮಾತು. ಕಾರು ಬಂತು, ಮನೆ ಮುಂದೆ ಎರಡು ಕಲ್ಲಾನೆ ಬಂದು ನಿಂತ್ವು. ಆ ಆನೆ ನೋಡ್ಕೊಂಡು ದಿನಾ ಓಡಾಡ್ತಿದ್ದ ಇವನಿಗೆ ಏನನ್ನಿಸ್ತೋ ಏನೋ, ಆ ಹುಳದ ಔಷಧಿಯವನು ಯಾವ ಲ್ಯಾಬಲ್ಲಿ ಟೆಸ್ಟು ಮಾಡಿಸಿದ್ನೋ ಅದೇ ಲ್ಯಾಬಿಗೆ ಶೀಶೆಗಳನ್ನ ಹೊತ್ಕೊಂಡು ಹೋದ. ಮದುವೆ ಮನೆಯವರು ಅಡುಗೆ ಭಟ್ಟರ ಹತ್ರ ಹೋಗಿ “ಅವರ ಮನೇಲಿ ಏನು ಮಾಡಿದ್ರೋ ನಮಗೂ ಅದೇ ಮಾಡಿ” ಅಂತಾರಲ್ಲ, ಹಾಗೇ ಹೇಳಿದ.

“ಹುಳದ ಔಷಧಿಯವರಿಗೆ ಏನೇನು ಟೆಸ್ಟು ಮಾಡಿದ್ರೋ ನಮಗೂ ಅವೇ ಮಾಡಿ.”

ಲ್ಯಾಬಿನವನು ಕೇಳಿದ, “ಮಾಡೋಣ ಸ್ವಾಮಿ. ಏನು ಬಂದ್ರೆ ಪಾಸು, ಏನು ಬಂದ್ರೆ ಫೇಲು ಅನ್ನೋದನ್ನ ನೀವು ಹೇಳ್ಬೇಕು. ಇದು ಯಾವ ಕಾಯಿಲೆಗೆ?”

ಇವನು ಶೀಶೆ ಪೆಟ್ಟಿಗೇನ ಎದೆಗೆ ಅವಚಿಕೊಂಡ. ಈ ಕೆಲಸದಲ್ಲಿರೋರಿಗೆ ಇದೊಂದು ಚಾಳಿ. ಕಾಯಿಲೆ ಹೆಸರು ಬಾಯಿಬಿಟ್ರೆ ಎಲ್ಲಿ ಯಾರು ಕದ್ಕೊಂಡು ಹೋಗಿಬಿಡ್ತಾರೋ ಅನ್ನೋ ಭಯ. ಶೀಶೆ ಮೇಲೆ ಬರೀ ನಂಬರು ಅಂಟಿಸಿರ್ತಾರೆ, ಹೆತ್ತ ತಾಯಿ ಕೇಳಿದ್ರೂ ಹೇಳಲ್ಲ.

“ಅದೆಲ್ಲಾ ನಿಮಗ್ಯಾಕೆ? ಅವರಿಗೆ ಯಾವುದು ಪಾಸೋ ನಮಗೂ ಅದೇ ಪಾಸು.”

“ಫೇಲಾದದ್ರಲ್ಲಿ ಮಿಕ್ಕ ಪುಡಿ ವಾಪಸ್ ಕೊಡ್ಲಾ?”

“ಫೇಲಾದದ್ದು ಕಟ್ಕೊಂಡು ಏನು ಮಾಡ್ಲಿ? ಬಿಸಾಕಿ.”

ಲ್ಯಾಬಿನವರಿಗೇನು, ಹೇಳಿದ್ದು ಮಾಡಿದ್ರು. ಅಲ್ಲಿ ಒಂದು ಟೆಸ್ಟು ಹೀಗಿತ್ತು. ಕರುಳಿನ ಜೀವಕೋಶಗಳನ್ನ ಸಣ್ಣ ಜಾಲರಿ ಮೇಲೆ ಹಾಸಿನ ಹಾಗೆ ಬೆಳೆಸ್ತಾರೆ. ಮೇಲಿಂದ ಪುಡಿ ಕದಡಿದ ನೀರು ಹಾಕ್ತಾರೆ. ಕೆಳಗೆ ಎಷ್ಟು ಇಳೀತು ಅಂತ ಅಳೀತಾರೆ. ಕೆಳಗೆ ಇಳಿದ್ರೆ ಅದು ಕರುಳಿಂದ ರಕ್ತಕ್ಕೆ ಹೋಗುತ್ತೆ ಅಂತ ಅರ್ಥ. ಇಳೀಲಿಲ್ಲ ಅಂದ್ರೆ ಕರುಳಲ್ಲೇ ಕೂತಿರುತ್ತೆ ಅಂತ.

ಕೊನೆಗೆ ಮೂರು ಶೀಶೆ ಪಾಸಾಯ್ತು, ಉಳಿದದ್ದೆಲ್ಲಾ ಫೇಲು. ಲ್ಯಾಬಿನವರು ಯಾವ ಪುಡಿ ಎಷ್ಟು ಇಳೀತು ಅನ್ನೋದನ್ನೂ ಹೇಳೋಕೆ ಬಾಯಿ ತೆಗೆದ್ರು. ಇವನಿಗೆ ಪಾಸು ಅನ್ನೋ ಒಂದು ಮಾತು ಕೇಳಿಸಿದ್ಮೇಲೆ ಬೇರೆ ಏನೂ ಕಿವಿಗೆ ಬೀಳಲಿಲ್ಲ. ಬರೋ ದಾರೀಲಿ ಒಂದು ಕೇಜಿ ಮೈಸೂರು ಪಾಕು ಕಟ್ಟಿಸ್ಕೊಂಡ, ಹಾರ್ಡ್‌ವೇರ್ ಅಂಗಡೀಲಿ ಒಂದು ಹಿತ್ತಾಳೆ ಚಿಲಕ ತಗೊಂಡ. ಔಷಧಿ ಇನ್ನೂ ಇಲಿ ಬಾಯಿಗೇ ಹೋಗಿಲ್ಲ, ಇಲ್ಲಿ ಬಚ್ಚಲಿಗೆ ಚಿಲಕ ಬಂತು! ತಂಗಿ ಬೇಡ ಬೇಡ ಅಂದ್ರೂ ಕೇಳದೆ ತಾನೇ ಸ್ಕ್ರೂ ತಿರುಗಿಸಿ ಕೂರಿಸಿದ. “ಇನ್ನೇನು, ಸ್ವಲ್ಪ ದಿನ ತಡಿ, ಆಮೇಲೆ ಹಾಕ್ಕೊಳ್ಳೋವಂತೆ,” ಅಂದ ಹುಡುಗಿಗೆ. ಅವಳು ದಿನಾ ಅದನ್ನ ಒರೆಸಿ ಒರೆಸಿ ಹೊಳೆಯೋ ಹಾಗೆ ಇಟ್ಲು. ಹಾಕ್ಕೊಳ್ಳಲಿಲ್ಲ ಪಾಪ, ಮಾವ ಹೇಳಿದ ದಿನಕ್ಕೆ ಕಾದ್ಲು.

ಪಾಸಾದ ಪುಡಿ ಇಲಿಗಳಿಗೆ ಕುಡಿಸಿದ್ರು. ಆ ಇಲಿಗಳಿಗೂ ಫಿಟ್ಸ್ ಬರೋದು. ಕುಡಿಸಿದ್ಮೇಲೂ ಬಂತು. ಒಂದು ಶೀಶೆ ಮುಗೀತು, ಎರಡನೇದು ಮುಗೀತು. ಮೂರನೇದೂ ಹಾಗೇ. ರಕ್ತ ತೆಗೆದು ನೋಡಿದ್ರೆ ಪುಡಿಯ ಸುಳಿವೇ ಇಲ್ಲ. ರಕ್ತಕ್ಕೇ ಬರದಿದ್ದದ್ದು ತಲೆಗೆ ಹೋಗೋದೆಲ್ಲಿಂದ ಬಂತು? ಹಾಗಾದ್ರೆ ಕುಡಿಸಿದ್ದು ಏನಾಯ್ತು ಅಂತ ಹುಡುಕಿದ್ರು. ಪೂರ್ತಿ ಹಿಕ್ಕೇಲಿ ಸಿಕ್ತು. ಹೋದ ಹಾಗೇ ಆಚೆ ಬಂದಿತ್ತು.

ಇವನು ಲ್ಯಾಬಿಗೆ ಓಡಿದ. ಆ ಫೇಲಾದ ಶೀಶೆಗಳು ಎಲ್ಲಿ ಅಂತ ಕೇಳಿದ. ತೊಳೆದು ಬೋರಲು ಹಾಕಿದ್ರು. ಬೇರೆಯವರ ಪುಡಿ ಹಾಕೋಕೆ ಒಣಗ್ತಾ ಇದ್ವು.

ಅಲ್ಲಿಂದ ಸೀದಾ ಕಲ್ಲಾನೆ ಮನೆಗೆ ಹೋದ. ಹುಳದ ಔಷಧಿಯವನು ಆಗ ತಾನೇ ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಳ್ತಿದ್ದ.

“ನಿನ್ನ ಟೆಸ್ಟು ನಂಬಿ ನಾನು ಹಾಳಾದೆ ಕಣಯ್ಯಾ! ಎಲ್ಲಾ ನಿನ್ನ ಹಾಗೇ ಮಾಡಿಸ್ದೆ. ಪಾಸಾದದ್ದು ಅಷ್ಟೂ ದಂಡ!”

“ನನ್ನ ಹಾಗೆ ಮಾಡು ಅಂತ ನಿನಗೆ ಹೇಳಿದೋರು ಯಾರು?” ಅಂದ ಅವನು. “ನನ್ನ ಹುಳ ಇರೋದು ಕರುಳೊಳಗೆ. ನನ್ನ ಪುಡಿ ಅಲ್ಲೇ ಕೂತಿರಬೇಕು. ರಕ್ತಕ್ಕೆ ಇಳಿದ್ರೆ ಹುಳ ಬದುಕುತ್ತೆ, ಮಗು ನರಳುತ್ತೆ. ಅದಕ್ಕೇ ಇಳೀದೇ ಇರೋದನ್ನ ಪಾಸು ಅಂದೆ. ನಿಂದು ಯಾವ ಹುಳ?”

“ಹುಳ ಅಲ್ಲ... ಫಿಟ್ಸು.”

“ಅಯ್ಯೋ, ಅದನ್ನ ಮೊದಲೇ ಯಾರಿಗಾದ್ರೂ ಹೇಳಬಾರದಿತ್ತಾ?”

ತಲೆಗೆ ಹೋಗಬೇಕಾದ ಪುಡಿ, ಮೊದಲು ಕರುಳು ದಾಟಬೇಕಿತ್ತು. ದಾಟೋ ಪುಡಿ ಇವನ ಕೈಲೇ ಇತ್ತು. ಅದನ್ನೆಲ್ಲಾ ಫೇಲು ಅಂತ ತಾನೇ ಬಿಸಾಕಿಸಿ, ದಾಟದೇ ಇರೋದನ್ನ ಹುಡುಕಿ ಹುಡುಕಿ ಆರಿಸ್ಕೊಂಡಿದ್ದ. ಟೆಸ್ಟು ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿತ್ತು.

ಪುಡಿ ಮಾಡೋ ಕೆಲಸ ಮತ್ತೆ ಮೊದಲಿಂದ ಹಿಡಿದ. ತಂಗಿ ಒಂದು ಮಾತೂ ಬೈಯಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ಬಚ್ಚಲ ಚಿಲಕ ಬಿಚ್ಚಿ ಅಣ್ಣನ ಕೈಲಿ ಇಟ್ಲು. ಮಾರನೇ ದಿನ ಬೆಳಿಗ್ಗೆ ಬಾಗಿಲ ಹೊರಗೆ ನಿಂತು “ಇದೀಯೇನೇ?” ಅಂತ ಕೂಗಿದ್ಲು. ಒಳಗಿಂದ ಹುಡುಗಿ “ಇದೀನಮ್ಮ” ಅಂದ್ಲು.

ಕತೆ ಮುಗೀತು. ಸಿಂಚನಾಗೆ ಹುಡುಗಿ ನೆನೆಸ್ಕೊಂಡು ಬೇಜಾರಾಯ್ತು, ಆ ಮಾವನ್ನ ನೆನೆಸ್ಕೊಂಡು ನಗುವೂ ಬಂತು.

“ಎಂಥಾ ಪೆದ್ದ ಸರ್ ಅವನು! ಯಾವ ಕಾಯಿಲೆಗೆ ಅಂತ ಹೇಳದೆ ಯಾರಾದ್ರೂ ಟೆಸ್ಟು ಆರಿಸ್ತಾರಾ?”

ಮೇಷ್ಟ್ರು ಮೊರ ಪಕ್ಕಕ್ಕೆ ಸರಿಸಿ ಅವಳ ಮುಖ ನೋಡಿದ್ರು.

“ಬಂದಾಗಿಂದ ಇಷ್ಟೊಂದು ಟೆಸ್ಟಿನ ಹೆಸರು ಹೇಳಿದ್ಯಲ್ಲಮ್ಮ, ನಿನ್ನ ಪುಡಿ ಯಾವ ಕಾಯಿಲೆಗೆ?”