ವಾಲ್ಸೆರಾದ ಹೊರೆಗಲ್ಲು

"ಕೇಳಿರಯ್ಯಾ ಕೇಳಿ. ನಮ್ಮ ಊರಿನ ಬಗ್ಗೆ ರಾಜಕುಮಾರಿ ಇಲಾರಿಯಾ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ದೊರೆಯ ನಂತರ ಗದ್ದುಗೆ. ತಪ್ಪಿದವನ ತಲೆ ಸಂಜೆಯ ಗಂಟೆಗೆ ಕೊಡಲಿಗೆ."

ಇಟಲಿಯ ಆಲ್ಪ್ಸ್ ಬೆಟ್ಟಗಳ ನಡುವಿನ ವಾಲ್ಸೆರಾ ಅಂಗೈಯಗಲದ ಊರು. ಡಂಗುರ ಎಲ್ಲರಿಗೂ ಕೇಳಿಸಿತು. ಉಪ್ಪು ಹೊರುವ ಬೊರ್ತೊಲೊ ಅರಮನೆಗೆ ಹೋದದ್ದು ರಾಜಕುಮಾರಿಯ ಆಸೆಗಲ್ಲ. ಹರೆಯದಲ್ಲೇ ಅವನ ಮೊಣಕಾಲು ಸೋತಿದ್ದವು. ಇನ್ನೊಂದು ಚಳಿಗಾಲ ಘಟ್ಟ ಹತ್ತಿದರೆ ಹೇಗೂ ಸಾವು. ಇಲ್ಲಾದರೆ ಕೂತು ಸಾಯಬಹುದು ಅಂದುಕೊಂಡಿದ್ದ. ಪಾಪ, ಕೂರು ಅನ್ನುವವರೇ ಇರಲಿಲ್ಲ. ಬೆನ್ನಿನ ಬುಟ್ಟಿ ಇಳಿಸಲು ಇನ್ನೊಬ್ಬರ ಕೈ ಬೇಕು, ಅದನ್ನೂ ಯಾರೂ ಕೊಡಲಿಲ್ಲ.

ಮೊದಲು ಒಬ್ಬ ಸಾಮಂತನ ಮಗ ಮುಂದೆ ಬಂದ.

"ಚಳಿ ಶುರುವಾದಾಗ ಹೇಳದೆ ಹೋಗ್ತಾನೆ. ಮರಳಿದಾಗ ಮೊದಲು ಗಂಟೆಗೋಪುರದ ಮೇಲೆ ಕೂರ್ತಾನೆ. ಯಾರು?" ಎಂದಳು ಇಲಾರಿಯಾ. ನೂರು ಸಲ ಕೇಳಿ ದಣಿದಂಥ ದನಿ ಅದು.

"ಕೊಕ್ಕರೆ."

ಅವನನ್ನು ಕರೆದೊಯ್ದರು. ಆಮೇಲೆ ಬಂದ ದಳಪತಿ ಅದೇ ಒಗಟಿಗೆ ಥಟ್ಟನೆ "ಸೂರ್ಯ" ಅಂದ. ಇಲಾರಿಯಾ ಎರಡನೆಯದು ಕೇಳಿದಳು.

"ಒಂದೇ ಹಾಸಿಗೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಒಬ್ಬಳು ಉತ್ತರಕ್ಕೆ, ಒಬ್ಬಳು ದಕ್ಷಿಣಕ್ಕೆ ಹೋದವರು ಮತ್ತೆ ಮುಖ ನೋಡಲಿಲ್ಲ."

"ಘಟ್ಟದ ಹಿಮದಲ್ಲಿ ಹುಟ್ಟುವ ಎರಡು ಹೊಳೆ."

"ಹಳೇ ವಾಲ್ಸೆರಾ ನಮ್ಮ ಕಾಲಡಿ ಹೂತುಹೋಗಿದೆ. ಅದರ ಗೋರಿ ತೋಡಿದ್ದು ಯಾರು?"

"ಕುಸಿದ ಬೆಟ್ಟ."

ಸಭೆ ಚಪ್ಪಾಳೆ ತಟ್ಟಿತು. ಇಲಾರಿಯಾ ಅಲ್ಲವೆಂದು ತಲೆಯಾಡಿಸಿದಳು. "ಬೆಟ್ಟದ ಮೇಲೆ ತಪ್ಪು ಹೊರಿಸೋದು ಸುಲಭ." ದಳಪತಿಯನ್ನೂ ಕರೆದೊಯ್ದರು.

ಉಳಿದವನು ಬೊರ್ತೊಲೊ. "ಎರಡು ಉತ್ತರ ಕೇಳಿಸಿಕೊಂಡಿದ್ದೀಯ. ನೀನು ಕಂಡದ್ದನ್ನೂ ಹೇಳಬೇಕು," ಎಂದಳು.

"ತೆಂಕಣ ಬೆಟ್ಟ ಎತ್ತರ, ಅಮ್ಮಣ್ಣಿ. ಚಳಿಗಾಲದ ಸೂರ್ಯ ಅದರ ಬೆನ್ನ ಹಿಂದೆಯೇ ಹೋಗ್ಬಿಡ್ತಾನೆ. ಅವನು ಮರಳಿದ ದಿನ ನಮ್ಮಜ್ಜಿ ಬಿಸಿಲಿಗೊಂದು ತುತ್ತು ಮುದ್ದೆ ಇಡ್ತಿದ್ದಳು. ಇನ್ನು ಹೊಳೆ. ಘಟ್ಟದ ನೆತ್ತೀಲಿ ಬೆವರು ಒರೆಸಿದ್ರೆ ಒಂದು ಹನಿ ಆ ಕಡಲಿಗೆ, ಇನ್ನೊಂದು ಈ ಕಡಲಿಗೆ."

ಆಮೇಲೆ ಅವನು ದೊರೆಯ ಕಡೆ ತಿರುಗಿದ. ಹೆದರಲೂ ತ್ರಾಣವಿರಲಿಲ್ಲ. "ಗೋರಿ ತೋಡಿದ್ದು ಕೊಡಲಿ, ಒಡೆಯಾ. ಬೆಟ್ಟ ಜಾರಿದ ಜಾಗದ ಎರಡು ಅಂಚಿಗೂ ಕಡಿದ ಮರದ ಬೊಡ್ಡೆಗಳಿವೆ. ಹೊರೆಯವರು ನಾವು ಸುಧಾರಿಸಿಕೊಳ್ತಿದ್ದದ್ದು ಅವುಗಳ ಮೇಲೇ. ತಮ್ಮ ಅಜ್ಜ ಕಾಡು ಕಡಿಸಿ ಮಾರಿದ್ರು. ಬೇರು ಹೋಯ್ತು, ಮಣ್ಣು ಬಂತು. ಈಗ ಬೊಡ್ಡೆಗಳೂ ಕೊಳೆತು ಲಡ್ಡಾಗಿವೆ, ಕೂರೋಕೂ ಜಾಗವಿಲ್ಲ."

"ನಿಜ," ಎಂದ ದೊರೆ. "ಏನು ಬೇಕು ಕೇಳು."

"ಯಾರ ಕೈಯೂ ಇಲ್ಲದೆ ಬುಟ್ಟಿ ಇಳಿಸೋಕೆ ಘಟ್ಟದ ದಾರೀಲಿ ಹೆಗಲೆತ್ತರಕ್ಕೆ ಒಂದು ಹೊರೆಗಲ್ಲು. ಆ ಇಬ್ಬರನ್ನೂ ಬಿಟ್ಟುಬಿಡಿ. ಈ ಊರಲ್ಲಿ ಕೊಡಲಿ ಮಾಡಿದ ಕೆಲಸ ಸಾಕು."

ದೊರೆ ಒಪ್ಪಿದ. ಇಬ್ಬರಿಗೂ ಜೀವ ಉಳಿಯಿತು, ಘಟ್ಟದಲ್ಲಿ ಕಲ್ಲು ನಿಂತಿತು. ಆದರೆ ಡಂಗುರದ ಮಾತು ಬಿಟ್ಟೀತೇ? ಹೊರೆ ಇಳಿಸಲು ಜಾಗ ಕೇಳಿದವನಿಗೆ ಇಡೀ ಊರಿನ ಹೊರೆ ಬಿತ್ತು.

"ನನ್ನ ಕೈಲಾಗಲ್ಲ ಅಮ್ಮಣ್ಣಿ," ಅಂದಿದ್ದ ಅವನು ಆ ದಿನ ಸಭೆಯಲ್ಲಿ, ಗದ್ದುಗೆಯ ಮಾತು ಬಂದಾಗ.

ಇಲಾರಿಯಾ ಎದ್ದು ಬಂದು ಬುಟ್ಟಿಗೆ ಕೈಕೊಟ್ಟು ಇಳಿಸಿದಳು. "ಅರ್ಧ ನಾನು ಹೊರ್ತೀನಿ. ಮೊದಲು ಕೂತ್ಕೋ."