ಕೆಂಪು ಜೌಗಿಗೆ ಏನೂ ಕೊಡಬೇಡಿ

ಆ ಆಶ್ರಮದಲ್ಲಿ ಒಂದೇ ನಿಯಮವನ್ನು ಕಲ್ಲಿನಲ್ಲಿ ಕೊರೆದಿದ್ದರು: ಕೆಂಪು ಜೌಗಿಗೆ ಏನನ್ನೂ ಕೊಡಬಾರದು, ಅಲ್ಲಿಂದ ಏನನ್ನೂ ತೆಗೆಯಬಾರದು.

ಎಲ್ಲರೂ ಅದನ್ನು ಮುರಿದರು. ಕೆಟ್ಟ ಬುದ್ಧಿಯಿಂದ ಮುರಿದವರು ಒಬ್ಬರೂ ಇರಲಿಲ್ಲ.

ಆಶ್ರಮ ಇದ್ದದ್ದು ಬೋಳುಗುಡ್ಡದ ನೆತ್ತಿಯಲ್ಲಿ. ಹತ್ತಿ ಬಂದವರನ್ನು ಯಾರು, ಯಾವ ಊರು ಎಂದು ಕೇಳುವ ಮೊದಲೇ ಅಲ್ಲಿ ಎಲೆ ಹಾಕುತ್ತಿದ್ದರು. ಹಸಿದದ್ದನ್ನು ಕಂಡು ಸುಮ್ಮನಿರುವುದು ಅಲ್ಲಿಯವರಿಗೆ ಗೊತ್ತೇ ಇರಲಿಲ್ಲ.

ಜೌಗು ಅದರ ಕೆಳಗೆ, ಬಂಡೆಯ ಇಳಿಜಾರಿನಲ್ಲಿತ್ತು. ಅಲ್ಲಿ ಹನಿಗಿಡ ಬೆಳೆಯುತ್ತಿತ್ತು. ನೆಲಕ್ಕಂಟಿದ, ರೂಪಾಯಿಯಗಲದ ಕೆಂಪು ಗಿಡ. ಎಲೆಯ ತುಂಬ ಕೂದಲು. ಒಂದೊಂದು ಕೂದಲ ತುದಿಗೂ ಒಂದು ಅಂಟುಹನಿ. ಇಬ್ಬನಿ ಎಂದು ಬಂದು ಕೂತ ನುಸಿ ಮತ್ತೆ ಏಳುತ್ತಿರಲಿಲ್ಲ. ಗಿಡ ಅದನ್ನು ಮೆಲ್ಲಗೆ ಮಡಚಿಕೊಂಡು ಉಣ್ಣುತ್ತಿತ್ತು.

ಜೌಗನ್ನು ಕಾಯುವ ಶಿಷ್ಯನಿಗೇ ಮುಂದೆ ಗುರುವಿನ ಬೆತ್ತ, ಬೆತ್ತದ ಜೊತೆ ಆಶ್ರಮದ ಹೊಣೆ. ಮೂರು ವರ್ಷದಿಂದ ಕಾಯುತ್ತಿದ್ದವನು ಭರಮಪ್ಪ. ನೂಲಹುಣ್ಣಿಮೆಯ ದಿನ ಗುರುವಿನ ಪಾದಕ್ಕೆ ಮೊದಲ ಗಡಿಗೆ ಹಾಲೆರೆದು ಅವನು ಬೆತ್ತ ಪಡೆಯಬೇಕಿತ್ತು. ಅದಕ್ಕೆ ಇನ್ನು ಎರಡೇ ದಿನ.

ಮೊಣಕಾಲು ನೋವಿನಿಂದ ಮೂರು ವರ್ಷ ಇಳಿಜಾರು ಇಳಿಯದ ಗುರು ವಿರೂಪಯ್ಯನವರು ಆ ಬೆಳಿಗ್ಗೆ ಬೆತ್ತ ಊರಿಕೊಂಡು ಇಳಿದು ಬಂದರು.

ಜೌಗಿನಲ್ಲಿ ಮೊಣಕಾಲೆತ್ತರ ಹುಲ್ಲು ನಿಂತಿತ್ತು. ಗುರು ಬೆತ್ತದಿಂದ ಹುಲ್ಲನ್ನು ಬಡಿದರು. ಒಂದು ಹಾವು ಸರಕ್ಕನೆ ಸರಿದು ಹೋಯಿತು.

"ಇದೇನು?"

"ಜೌಗು, ಅಜ್ಜಾರ."

"ಇದು ದನದ ಮೇವು. ಜೌಗು ಎಲ್ಲಿ?"

ಭರಮಪ್ಪ ಹುಲ್ಲು ಸರಿಸಿ ತೋರಿಸಿದ. ಗಿಡ ಇತ್ತು. ಹಸಿರಾಗಿತ್ತು, ಅಗಲವಾಗಿತ್ತು.

"ನೋಡ್ರಿ, ಮೊದಲಿಗಿಂತ ಎಷ್ಟು ದೊಡ್ಡದಾಗಿದೆ."

"ಮುಟ್ಟು."

ಮುಟ್ಟಿದ. ಬೆರಳಿಗೆ ಏನೂ ಅಂಟಲಿಲ್ಲ. ಒಂದು ಇರುವೆ ಎಲೆಯ ಮೇಲೆ ಹತ್ತಿ, ಈ ಕಡೆಯಿಂದ ಆ ಕಡೆಗೆ ನಡೆದು, ಇಳಿದು ಹೋಯಿತು.

"ಇರುವೆಗೂ ಇದರ ಭಯವಿಲ್ಲ. ಏನು ಹಾಕಿದಿ?"

ಭರಮಪ್ಪ ಸರಿಸಿದ ಹುಲ್ಲನ್ನು ಮತ್ತೆ ಗಿಡದ ಮೇಲೆ ಮುಚ್ಚಿದ.

"ಏನು ಹಾಕಿದಿ ಅಂತ ಕೇಳಿದೆ."

"ಬೂದಿ. ಅದಕ್ಕೂ ಮೊದಲು, ಸಿಕ್ಕಿಬಿದ್ದ ನುಸಿಗಳನ್ನು ಕಡ್ಡಿಯಿಂದ ಬಿಡಿಸುತ್ತಿದ್ದೆ."

"ಯಾಕೆ?"

"ಆಶ್ರಮದಲ್ಲಿ ಕೊಲೆ ನಡೆಯುವುದನ್ನು ದಿನಾ ನೋಡಲಾಗಲಿಲ್ಲ, ಅಜ್ಜಾರ. ನುಸಿ ಬಿಡಿಸಿದ ಮೇಲೆ ಗಿಡ ಉಪವಾಸ ಬಿತ್ತಲ್ಲ ಅನ್ನಿಸಿತು. ಅದಕ್ಕೇ ಬೂದಿ ಹಾಕಿದೆ. ಹೊಟ್ಟೆ ತುಂಬಿದರೆ ಕೊಲ್ಲುವುದನ್ನು ಬಿಟ್ಟೀತು ಎಂದುಕೊಂಡೆ."

"ಬಿಟ್ಟಿದೆ. ನಿನ್ನ ಮಾತು ಕೇಳಿದೆ. ಕೊಲ್ಲುವುದನ್ನು ಬಿಟ್ಟಿತು, ಈಗ ಬದುಕುವುದನ್ನೂ ಬಿಡುತ್ತಿದೆ."

ಗುರು ಎಲ್ಲರನ್ನೂ ಅಲ್ಲಿಗೇ ಕರೆಸಿದರು.

ಅಡುಗೆಯ ಹಾಲಪ್ಪ ಕೈ ಒರೆಸಿಕೊಳ್ಳುತ್ತ ಬಂದ. "ಅಕ್ಕಿ ತೊಳೆದ ನೀರು ಅಷ್ಟೇ ರೀ. ಅದೇನು ವಿಷವೇ?"

ದನ ಕಾಯುವ ದ್ಯಾಮವ್ವ ಸೆರಗು ಬಿಗಿದುಕೊಂಡಳು. "ಸೋಮವಾರಕ್ಕೊಂದು ಗಡಿಗೆ ಸಗಣಿನೀರು. ಹುಳ ತಿಂದು ಬದುಕುವ ಕರ್ಮ ಯಾಕಪ್ಪ ಇದಕ್ಕೆ, ಪಾಪ."

"ನಿನ್ನನ್ನು ಕೇಳಿತೇನು?"

"ಹಸಿದವರು ಬಾಯಿಬಿಟ್ಟು ಕೇಳಬೇಕೇನ್ರೀ, ಅಜ್ಜಾರ? ನೀವೇ ಹೇಳಿಕೊಟ್ಟದ್ದು."

"ಮನುಷ್ಯರ ವಿಷಯ ಹೇಳಿಕೊಟ್ಟೆ!" ಗುರುವಿನ ದನಿ ಬಂಡೆಗೆ ಬಡಿದು ಹಿಂದಕ್ಕೆ ಬಂತು. "ಈ ಬಂಡೆಯ ಮೇಲೆ ಮಣ್ಣು ಎಷ್ಟಿದೆ?"

"ಬೆರಳಷ್ಟು," ಎಂದ ಭರಮಪ್ಪ.

"ನೀರಿದೆ, ಬಿಸಿಲಿದೆ, ಸತ್ವವಿಲ್ಲ. ಸತ್ವವಿಲ್ಲ ಎಂದೇ ಹುಲ್ಲು ಇಲ್ಲಿಗೆ ಬರಲಿಲ್ಲ. ಹುಲ್ಲು ಬರಲಿಲ್ಲ ಎಂದೇ ಇದು ಬದುಕಿತು. ಸಿಗದ ಅನ್ನವನ್ನು ಗಾಳಿಯಿಂದ ಹಿಡಿದು ತಂದಿತು. ನೀವು ಅನ್ನವನ್ನು ಬುಡಕ್ಕೇ ಸುರಿದಿರಿ. ಇನ್ನು ಅದು ಹನಿ ಯಾಕೆ ಕಟ್ಟಬೇಕು?"

ಗುರು ಬೆತ್ತದಿಂದ ಹುಲ್ಲನ್ನು ಒತ್ತಿ ಹಿಡಿದು ಭರಮಪ್ಪನನ್ನು ಕರೆದರು.

"ಹೂ ಎಲ್ಲಿದೆ ನೋಡು."

ಸಣ್ಣ ಬಿಳಿ ಹೂ ಎಲೆಗಳಿಂದ ದೂರ, ಗೇಣೆತ್ತರದ ಕಡ್ಡಿಯ ತುದಿಯಲ್ಲಿತ್ತು.

"ಊಟ ಕೆಳಗೆ, ನೆಂಟರು ಮೇಲೆ. ಯಾರನ್ನು ತಿನ್ನಬೇಕು, ಯಾರನ್ನು ಉಪಚರಿಸಿ ಕಳಿಸಬೇಕು ಅನ್ನುವುದು ಇದಕ್ಕೆ ತಿಳಿದಿತ್ತು. ಈಗ ಹುಲ್ಲು ಹೂವಿಗಿಂತ ಎತ್ತರ. ಜೇನುನೊಣಕ್ಕೆ ಮನೆಯೇ ಕಾಣುವುದಿಲ್ಲ. ಸಾಕಲು ಬಂದಿರಿ ನೀವು! ಸಂತಾನ ತೆಗೆದಿರಿ."

ದ್ಯಾಮವ್ವ ಅತ್ತಳು. ಹಾಲಪ್ಪ ನೆಲ ನೋಡಿದ.

ಭರಮಪ್ಪ ಮಾತ್ರ ತಲೆಯೆತ್ತಿದ. ಅವನ ಮುಖ ಕೆಂಪಾಗಿತ್ತು.

"ಅಜ್ಜಾರ, ಹುಲ್ಲು ಮೊದಲು ಬಂದದ್ದು ನನ್ನ ಬೂದಿ ಬಿದ್ದಲ್ಲಿ ಅಲ್ಲ."

"ಮತ್ತೆಲ್ಲಿ?"

ಅವನು ಇಳಿಜಾರಿನ ಮೇಲಕ್ಕೆ ಕೈ ತೋರಿಸಿದ. ಆಶ್ರಮದ ಅಂಗಳದಲ್ಲಿ ಪಾದದ ಕಲ್ಲು ಇತ್ತು. ನೂಲಹುಣ್ಣಿಮೆಗೆ ಗುರು ಅದರ ಮೇಲೆ ಪಾದವಿಟ್ಟು ಕೂರುತ್ತಿದ್ದರು. ಊರೂರಿನಿಂದ ಬಂದವರು ಹಾಲು, ತುಪ್ಪ, ಜೇನುತುಪ್ಪ ಎರೆಯುತ್ತಿದ್ದರು. ಕಲ್ಲಿಗೊಂದು ತೂಬು. ತೂಬಿನಿಂದ ಬಂಡೆಯ ಮೇಲೊಂದು ಗೀರುಗಾಲುವೆ. ಅದು ನೇರವಾಗಿ ಜೌಗಿಗೆ ಇಳಿಯುತ್ತಿತ್ತು.

"ಆ ಕಾಲುವೆಯ ಬಾಯಲ್ಲಿ," ಎಂದ ಭರಮಪ್ಪ. "ನಾನು ಬರುವ ಮೊದಲೇ ಅಲ್ಲಿ ಹುಲ್ಲು ಇತ್ತು."

"ಲೇ ಭರಮ, ಬಾಯಿ ಮುಚ್ಚು," ಎಂದ ಹಾಲಪ್ಪ.

ಗುರು ಕಾಲುವೆಯ ಕಡೆಗೆ ತಿರುಗಿದರು.

"ಅದು ಪೂಜೆ," ಎಂದರು. "ಅದು ಬೇರೆ."

"ಹಾಲಪ್ಪನಿಗೂ ಅವನ ನೀರು ಬೇರೆಯೇ, ಅಜ್ಜಾರ."

ಗುರು ತಿರುಗಿ ಇಳಿಜಾರು ಹತ್ತಿದರು. ಆಸರೆಗೆ ಯಾರ ಕೈಯನ್ನೂ ಹಿಡಿಯಲಿಲ್ಲ.

ಮರುದಿನವೆಲ್ಲ ಭರಮಪ್ಪ ಹುಲ್ಲಿನಲ್ಲಿ ಹುಡುಕಿದ. ಕಾಲುವೆಯ ಬಾಯಿಂದ ಎರಡು ಮಾರು ಕೆಳಗೆ, ಬಂಡೆಯ ಗುಳಿಯೊಂದರಲ್ಲಿ, ಅಂಗೈಯಗಲ ಕೆಂಪು ಉಳಿದಿತ್ತು. ಹನಿಗಳು ಹೊಳೆಯುತ್ತಿದ್ದವು. ಒಂದರಲ್ಲಿ ನುಸಿಯೊಂದು ಕಾಲು ಬಡಿಯುತ್ತಿತ್ತು. ಅವನು ಕೈ ಚಾಚಲಿಲ್ಲ.

ಹೋದ ವರ್ಷ ಹರಿದ ಹಾಲು ಅಲ್ಲಿಗೆ ಗೇಣು ದೂರದಲ್ಲಿ ನಿಂತು ಒಣಗಿತ್ತು. ಅದರ ಗುರುತಿನವರೆಗೂ ಹುಲ್ಲು ಬಂದಿತ್ತು. ಈ ವರ್ಷದ ಹಾಲು ಗುಳಿಯನ್ನೇ ಮುಟ್ಟುವಂತಿತ್ತು.

ಹುಣ್ಣಿಮೆಯ ಬೆಳಿಗ್ಗೆ ಅಂಗಳ ತುಂಬಿತು. ಗಡಿಗೆಗಳ ಸಾಲು ಬಾಗಿಲಾಚೆಗೂ ಇತ್ತು. ಗುರು ಬಂದು ಕೂತರು. ಪಾದವನ್ನು ಕಲ್ಲಿನ ಮೇಲಿಟ್ಟರು. ಬೆತ್ತವನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

ಸಾಲಿನಲ್ಲಿ ಮೊದಲಿಗ ಭರಮಪ್ಪ. ಅವನ ಹಿಂದೆ ಹಾಲಪ್ಪ.

"ಎರೆ," ಎಂದರು ಗುರು.

ಭರಮಪ್ಪ ಗಡಿಗೆ ಹಿಡಿದು ನಿಂತಿದ್ದ.

"ಬಂದವರೆಲ್ಲ ಕಾಯುತ್ತಿದ್ದಾರೆ. ಎರೆ."

"ನಿಯಮ ಕಲ್ಲಿನಲ್ಲಿದೆ, ಅಜ್ಜಾರ."

"ನಾನೂ ಓದಿದ್ದೇನೆ."

"ಓದಿಯೂ ಪಾದ ಇಟ್ಟಿರಿ."

ಅಂಗಳದಲ್ಲಿ ಯಾರೋ ಥೂ ಎಂದರು. "ಹೊರಗೆ ಹಾಕ್ರಿ ಅವನನ್ನು," ಎಂದರು ಇನ್ಯಾರೋ. ಹಾಲಪ್ಪ ಹಿಂದಿನಿಂದ ಅವನ ಬೆನ್ನಿಗೆ ತಿವಿದ. "ನಾಲ್ಕು ಹನಿ ಹಾಕಿ ಬೆತ್ತ ತಗೋ, ಮೂರ್ಖ. ಆಮೇಲೆ ನಿನ್ನ ಜೌಗು, ನಿನ್ನ ಕಾಲುವೆ. ಬೇಕಾದರೆ ಮುಚ್ಚಿಸು."

"ಆಮೇಲೆ ಏನೂ ಉಳಿದಿರುವುದಿಲ್ಲ," ಎಂದ ಭರಮಪ್ಪ.

ಗುರು ಬೆತ್ತದ ತುದಿಯನ್ನು ಅವನ ಎದೆಗೆ ಒತ್ತಿದರು.

"ಕೊನೆಯ ಸಲ ಹೇಳುತ್ತೇನೆ. ಎರೆಯುತ್ತೀಯೋ, ಗುಡ್ಡ ಇಳಿಯುತ್ತೀಯೋ? ನೀನು ಇಳಿದರೆ ಬೆತ್ತ ಹಾಲಪ್ಪನಿಗೆ."

ಭರಮಪ್ಪ ಗಡಿಗೆಯೊಳಗೆ ನೋಡಿದ. ಚೆಲ್ಲುವಂತಿಲ್ಲ. ಆ ಅಂಗಳದಲ್ಲಿ ಎಲ್ಲಿ ಚೆಲ್ಲಿದರೂ ಅದು ಕಾಲುವೆಗೇ ಇಳಿಯುತ್ತಿತ್ತು.

ಅವನು ಗಡಿಗೆ ಎತ್ತಿ, ಎಲ್ಲರ ಎದುರು, ಗುರುಪಾದಕ್ಕೆ ಎರೆಯಬೇಕಿದ್ದ ಹಾಲನ್ನು ಗಟಗಟನೆ ಕುಡಿದ. ಕೊನೆಯ ಹನಿಯವರೆಗೆ ಕುಡಿದ. ಗಡ್ಡದಿಂದ ಇಳಿದದ್ದನ್ನೂ ಅಂಗೈಯಲ್ಲಿ ಹಿಡಿದು ನೆಕ್ಕಿದ. ಗಡಿಗೆಯನ್ನು ಬೋರಲು ಹಾಕಿ, ಜೌಗಿನ ಕಡೆಗೆ ತಿರುಗಿ ನಡೆದ.

"ನಿಲ್ಲು!"

ಅವನು ನಿಂತ.

ಗುರು ಹಾಲು ಬೀಳದ ಒಣ ಪಾದಗಳನ್ನು ಕಲ್ಲಿನಿಂದ ಕೆಳಗಿಳಿಸಿದರು.

"ಬೆತ್ತ ಬಿಟ್ಟು ಎಲ್ಲಿಗೆ ಹೊರಟೆ? ಹಿಡಿದುಕೊಂಡು ಹೋಗು. ಆ ಹುಲ್ಲಿನಲ್ಲಿ ಹಾವಿವೆ."