ತಂತಿಗೆ ಕಟ್ಟಿದ ದೃಷ್ಟಿ ಬುರುಡೆ

ಶಿಷ್ಯ ಕಲ್ಲಿನಾಥ ಕೇಳಿದ:

"ಗುರುಗಳೇ, ನನ್ನ ಹೆಂಡತಿ ತೀರಿಹೋಗಿ ವರ್ಷವಾಯಿತು. ಕೆರೆಯಿಂದ ನೀರು ತರುವಾಗ ಅವಳು ಮೂರು ಕಡೆ ನಿಲ್ಲುತ್ತಿದ್ದಳು. ಯಾರ ಜೊತೆಗೋ ಮಾತಿಗೆ ನಿಂತಿದ್ದಾಳೆ ಅಂದುಕೊಂಡೆ. ಅವಳು ಉಸಿರು ಸಾಲದೆ ನಿಂತಿದ್ದಳು. ಈಗ ಕಾಣುತ್ತಿದೆ. ಹೋದ ಮೇಲೆ ಕಂಡು ಏನು ಬಂತು?"

ಗುರುಗಳು ಒಂದು ಕಥೆ ಹೇಳಿದರು.

ಎರೆಮಣ್ಣಿನ ಸೀಮೆಯಲ್ಲಿ ಒಬ್ಬ ಕುರಿಗಾರನಿದ್ದ. ಊರಾಚೆ ಅವನದೊಂದು ಹುಲ್ಲುಗಾವಲು. ಒಂದು ದಿನ ವಿದ್ಯುತ್ ಲೈನು ಎಳೆಯುವವರು ಬಂದರು. ನಕ್ಷೆ ಬಿಡಿಸಿ, "ಈ ಜಾಗದಲ್ಲಿ ಏನಿದೆ?" ಎಂದು ಕೇಳಿದರು.

"ಏನೂ ಇಲ್ಲ. ಹುಲ್ಲು," ಅಂದ ಕುರಿಗಾರ.

ಅವರು ಹಾಗೆಯೇ ಬರೆದುಕೊಂಡರು. ಕಂಬ ನಿಂತವು. ತಂತಿ ಬಂತು.

ಆ ಹುಲ್ಲಿನಲ್ಲಿ ಎರಡು ಎರೆಭೂತಗಳಿದ್ದವು. ಹೆಸರಿಗೆ ಭೂತ, ಆದರೆ ಹಕ್ಕಿ. ಮನುಷ್ಯನ ಸೊಂಟದೆತ್ತರ, ಕುರಿಮರಿಯಷ್ಟು ಭಾರ. ಹಿಂದೆ ಹಿಂಡು ಹಿಂಡು ಇದ್ದವಂತೆ. ಈಗ ಆ ಸೀಮೆಗೆಲ್ಲ ಎರಡೇ ಉಳಿದಿದ್ದವು.

ಮೊದಲ ಮಳೆಯಾದ ವಾರ ಒಂದು ಹಕ್ಕಿ ತಂತಿಯ ಕೆಳಗೆ ಕತ್ತು ಮುರಿದು ಬಿದ್ದಿತ್ತು. ಕುರಿಗಾರ ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಲೈನಿನವರು ಕೇಳಿದಾಗ ಏನಂದಿರಿ?"

"ಏನೂ ಇಲ್ಲ ಅಂದೆ."

"ಏನೂ ಇಲ್ಲದ ಜಾಗಕ್ಕೆ ನಾನು ಹನ್ನೆರಡು ವರ್ಷ ಕುಡುಗೋಲು ಹಾಕದೆ ಬಿಟ್ಟೆನೇ? ಇನ್ನೊಂದು ಅಲ್ಲೇ ಮೊಟ್ಟೆಯಿಟ್ಟು ಕೂತಿದೆ. ಇಟ್ಟರೆ ವರ್ಷಕ್ಕೆ ಒಂದೇ ಇಡುವ ಹಕ್ಕಿ ಅದು."

"ನೀನು ನನಗೆ ಹೇಳಲಿಲ್ಲವಲ್ಲ."

"ಕುರಿ ಬಿಟ್ಟು ಇನ್ನೇನು ಹೇಳಿದರೂ ನಿಮ್ಮ ಕಿವಿಗೆ ಹೋಗುತ್ತಿತ್ತೇ?"

ಕುರಿಗಾರ ಹಕ್ಕಿಯನ್ನು ಹಿತ್ತಲಲ್ಲಿ ಹೂತ.

ಉಳಿದ ಹಕ್ಕಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮೇಯಲು ಏಳುತ್ತಿತ್ತು. ಅದರ ದಾರಿ ಒಂದೇ. ಆ ದಾರಿಗೆ ಈಗ ತಂತಿ ಅಡ್ಡ ಇತ್ತು. ಕುರಿಗಾರ ಮರುದಿನದಿಂದ ಎರಡು ಹೊತ್ತೂ ತಂತಿಯ ಕೆಳಗೆ ನಿಂತು ತಲೆಯ ಮೇಲೆ ಕಂಬಳಿ ಬೀಸಿದ. ಹಕ್ಕಿ ಮನುಷ್ಯನನ್ನು ಕಂಡು ಮೇಲೇರುತ್ತಿತ್ತು, ತಂತಿ ದಾಟುತ್ತಿತ್ತು. ಅವನು ಒಂದು ಹೊತ್ತು ಬಾರದಿದ್ದರೆ ಹಕ್ಕಿ ಇಲ್ಲ. ಹಕ್ಕಿ ಇಲ್ಲದಿದ್ದರೆ ಮೊಟ್ಟೆಯೂ ಇಲ್ಲ.

ಒಂಬತ್ತನೆಯ ದಿನ ಅವನ ರಟ್ಟೆ ಏಳದಾಯಿತು.

ಹೆಂಡತಿ ಅಟ್ಟದಿಂದ ಒಣಗಿದ ಸೋರೆ ಬುರುಡೆಗಳನ್ನು ಇಳಿಸಿದಳು. ಒಂದೊಂದಕ್ಕೂ ಮಸಿ ಬಳಿದು, ಮೇಲೆ ಸುಣ್ಣದ ಬೊಟ್ಟು ಇಟ್ಟಳು. ಆ ಕಡೆ ಬೆಳೆ ನಿಂತ ಹೊಲದಲ್ಲಿ ಹೀಗೆ ಬೊಟ್ಟಿಟ್ಟ ಗಡಿಗೆಯನ್ನು ಕೋಲಿಗೆ ಕವುಚುತ್ತಾರೆ. ನೋಡುವವರ ದೃಷ್ಟಿ ಬೆಳೆಗೆ ತಾಗದೆ ಗಡಿಗೆಗೆ ತಾಗಲಿ ಎಂದು.

"ಗಡಿಗೆ ಭಾರ. ಬುರುಡೆ ಹಗುರ. ತೆಗೆದುಕೊಂಡು ಹೋಗಿ," ಅಂದಳು.

ಕುರಿಗಾರ ಬುರುಡೆಗಳನ್ನು ಹುರಿಗೆ ಪೋಣಿಸಿ ಹೊತ್ತುಕೊಂಡು ವಿದ್ಯುತ್ ಕಚೇರಿಗೆ ಹೋದ. ಲೈನ್‌ಮನ್ ನೋಡಿ ನಕ್ಕ.

"ಏನಜ್ಜಾ, ನಮ್ಮ ತಂತಿಗೂ ದೃಷ್ಟಿಯಾಗುತ್ತದೇನು?"

"ಆಗಲಿ ಅಂತಲೇ ತಂದಿದ್ದೇನೆ ತಮ್ಮಾ. ಒಂದು ಹಕ್ಕಿಯ ದೃಷ್ಟಿ ಆಗಬೇಕು."

"ಹಕ್ಕಿಗೆ ಕಣ್ಣಿಲ್ಲವೇ? ಅಷ್ಟು ಉದ್ದದ ತಂತಿ ಕಾಣುವುದಿಲ್ಲವೇ?"

"ಅದು ನೆಲ ನೋಡುತ್ತ ಹಾರುತ್ತದೆ. ಅದರ ಅಜ್ಜಿ ಮುತ್ತಜ್ಜಿ ಕಾಲಕ್ಕೆ ಎದುರಿಗೆ ಏನೂ ಇರಲಿಲ್ಲ. ನೆಲದಲ್ಲಿ ಏನೂ ಇಲ್ಲ ಅಂದವನು ನಾನು."

ಲೈನ್‌ಮನ್ ನಗುವುದನ್ನು ಬಿಟ್ಟ. ಒಂದು ಬುರುಡೆ ಎತ್ತಿ ಕೈಯಲ್ಲಿ ತೂಗಿ ನೋಡಿದ.

"ನಾಡಿದ್ದು ರಿಪೇರಿಗೆ ಲೈನು ಬಂದ್ ಇದೆ. ಸಾಹೇಬರನ್ನು ನಾನು ಕೇಳುತ್ತೇನೆ. ಅಲ್ಲಿಯವರೆಗೆ ನೀನು ಕಂಬ ಮುಟ್ಟಬೇಡ, ಆಯಿತೇ?"

ಆ ಎರಡು ದಿನ ಹೆಂಡತಿ ಕಂಬಳಿ ಬೀಸಿದಳು. ಮೂರನೆಯ ದಿನ ಲೈನ್‌ಮನ್ ಬಂದು ಕಂಬ ಹತ್ತಿದ. ಮಾರು ದೂರಕ್ಕೊಂದರಂತೆ ಬುರುಡೆಗಳನ್ನು ತಂತಿಗೆ ಕಟ್ಟಿ ಇಳಿದ.

ಮರುದಿನ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ದೂರದಲ್ಲಿ ಕೂತರು. ಕಂಬಳಿ ಮಡಿಸಿ ಪಕ್ಕಕ್ಕಿಟ್ಟಿದ್ದರು. ಹಕ್ಕಿ ಹುಲ್ಲಿನಿಂದ ಎದ್ದಿತು. ಭಾರವಾಗಿ, ತಗ್ಗಿನಲ್ಲಿ, ನೇರ ತಂತಿಯ ಕಡೆಗೆ ಬಂತು. ಕುರಿಗಾರನ ಕೈ ತಾನಾಗಿ ಕಂಬಳಿಗೆ ಹೋಯಿತು. ಹೆಂಡತಿ ಆ ಕೈ ಹಿಡಿದಳು. ಗಾಳಿಗೆ ಬುರುಡೆಗಳು ಅಲುಗಿದವು. ಹಕ್ಕಿ ಕತ್ತೆತ್ತಿತು. ಮೇಲೇರಿತು. ದಾಟಿತು.

"ತಾಗಿತು ದೃಷ್ಟಿ," ಅಂದಳು ಅವಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಕಲ್ಲಿನಾಥ ತಲೆ ತಗ್ಗಿಸಿಯೇ ಇದ್ದ. "ಆದರೂ ಗುರುಗಳೇ, ಹಿತ್ತಲಲ್ಲಿ ಹೂತ ಹಕ್ಕಿ ಎದ್ದು ಬರಲಿಲ್ಲವಲ್ಲ," ಅಂದ.

"ಬರಲಿಲ್ಲ. ತಡವಾಗಿ ಕಂಡದ್ದನ್ನು ಅವನು ಉಳಿದ ಹಕ್ಕಿಗೆಂದು ತಂತಿಗೆ ಕಟ್ಟಿದ. ನೀನು ಎಲ್ಲಿ ಕಟ್ಟಿದ್ದೀಯಪ್ಪಾ?"